ಎನ್‌ವಿಡಿಎಯೋ, ಜಾಸೋ, ಫೋನ್ ಒಂದೇ ಸಾಕೋ? ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಆರಿಸುವಾಗ

ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಕಣ್ಣು ಕಾಣದವರು ಕಂಪ್ಯೂಟರ್, ಫೋನ್ ಬಳಸುವುದು ಇದರ ಮೂಲಕವೇ. ಎನ್‌ವಿಡಿಎ, ಜಾಸ್ ಅಂತೆಲ್ಲ ಹಲವು ಸ್ಕ್ರೀನ್ ರೀಡರ್‌ಗಳಿವೆ, ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಪಾಲಕರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೆಲವರು ಬೆಂಗಳೂರಿನ ನೆಂಟರ ಮಾತು ಕೇಳಿ ಎಲ್ಲಕ್ಕಿಂತ ದುಬಾರಿಯದನ್ನೇ ತರಲು ಹೊರಟಿರುತ್ತಾರೆ. ಇನ್ನು ಕೆಲವರಿಗೆ, ಪುಕ್ಕಟೆ ಸಿಗುವುದು ಎಷ್ಟರಮಟ್ಟಿಗೆ ಕೆಲಸ ಮಾಡೀತು ಅನ್ನುವ ಅನುಮಾನ.

ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ಮಗಳು ಅಥವಾ ಮಗ ಅದರಲ್ಲಿ ಏನು ಓದಬೇಕು, ಯಾವ ಭಾಷೆಯಲ್ಲಿ ಓದಬೇಕು? ಇಂಗ್ಲಿಷ್ ಅಷ್ಟೇ ಸಾಕು ಅನ್ನುವವರಿಗೆ ಆಯ್ಕೆ ಸುಲಭ. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಬರೆಯಬೇಕಾದವರಿಗೆ ಸ್ಕ್ರೀನ್ ರೀಡರ್‌ಗಿಂತ ಜಾಸ್ತಿ ತೊಡಕು ಕೊಡುವುದು ಓದಬೇಕಾದ ಫೈಲು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಸಾಧನಗಳ ಹೋಲಿಕೆ.

ಸ್ವಲ್ಪ ಕಾಣುವವರಿಗೆ

ಪೂರ್ತಿ ಕಾಣದವರಿಗಿಂತ ಸ್ವಲ್ಪ ಕಾಣುವವರೇ ಹೆಚ್ಚು. ಅವರಿಗೆ ಮೊದಲು ತೋರಿಸಬೇಕಾದದ್ದು ಮ್ಯಾಗ್ನಿಫೈಯರ್. ವಿಂಡೋಸ್‌ನಲ್ಲಿ ಅದು ಇದ್ದೇ ಇರುತ್ತದೆ. ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದರೆ ಪರದೆ ದೊಡ್ಡದಾಗುತ್ತದೆ, ವಿಂಡೋಸ್ ಹಿಡಿದು ಎಸ್ಕೇಪ್ ಒತ್ತಿದರೆ ಮೊದಲಿನಂತಾಗುತ್ತದೆ. ಅದು ಓಡುತ್ತಿರುವಾಗ ಕಂಟ್ರೋಲ್, ಆಲ್ಟ್, ಐ ಒತ್ತಿದರೆ ಬಣ್ಣ ತಿರುವುಮುರುವಾಗುತ್ತದೆ. ಬಿಳಿ ಹಾಳೆಯ ಬೆಳಕು ಕಣ್ಣಿಗೆ ಚುಚ್ಚುವವರಿಗೆ ಇದೊಂದೇ ಎಷ್ಟೋ ನೆಮ್ಮದಿ ಕೊಡುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಝೂಮ್‌ಟೆಕ್ಸ್ಟ್ ಕೂಡ ಇದೆ, ಅದು ದೊಡ್ಡದು ಮಾಡುವುದರ ಜೊತೆಗೆ ಓದಿಯೂ ಹೇಳುತ್ತದೆ. ವಿಂಡೋಸ್‌ನದ್ದನ್ನು ಚೆನ್ನಾಗಿ ಬಳಸಿ ನೋಡದೆ ಅದಕ್ಕೆ ಹಣ ಹಾಕಬೇಡಿ.

ದೊಡ್ಡದು ಮಾಡಿದರೆ ಎಲ್ಲರಿಗೂ ಅನುಕೂಲ ಅಂತ ತಿಳಿಯಬಾರದು. ನೋಟದ ನಡುಭಾಗ ಹಾಳಾದವರಿಗೆ ದೊಡ್ಡ ಅಕ್ಷರ ನೆರವಾಗುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರಲ್ಲಿ, ನಮ್ಮಲ್ಲಿ ಆರ್‌ಪಿ ಅಂತಲೇ ಹೇಳುತ್ತಾರೆ, ಹಾಗಾಗುವುದಿಲ್ಲ. ಮೊದಲು ಇರುಳುಗಣ್ಣು ಬರುತ್ತದೆ, ಆಮೇಲೆ ಸುತ್ತಲಿನ ನೋಟ ಕುಗ್ಗುತ್ತಾ ಹೋಗುತ್ತದೆ. ಕಾಣುವ ಜಾಗವೇ ಚಿಕ್ಕದು. ಅಕ್ಷರ ದೊಡ್ಡದಾದಷ್ಟೂ ಆ ಜಾಗದಲ್ಲಿ ಹಿಡಿಯುವ ಅಕ್ಷರ ಕಡಿಮೆ. ಒಂದು ಪದ ಓದಲು ತಲೆ ಎಡಕ್ಕೂ ಬಲಕ್ಕೂ ಆಡಿಸಬೇಕಾಗುತ್ತದೆ. ಇವರಿಗೆ ಹದವಾದ ಗಾತ್ರ, ಕಪ್ಪಿನ ಮೇಲೆ ಬಿಳಿ ಅಥವಾ ಹಳದಿ ಅಕ್ಷರ ಹೊಂದುತ್ತದೆ.

ಕನ್ನಡಕ್ಕೆ ಇನ್ನೊಂದು ಮಾತಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಮೂಲ ಅಕ್ಷರಕ್ಕಿಂತ ಸಣ್ಣವೂ ಆಗಿರುತ್ತವೆ. ಇಂಗ್ಲಿಷಿಗೆ ಸಾಕಾಗುವ ಗಾತ್ರದಲ್ಲಿ ‘ಷ್ಟ್ರ’ದಂಥ ಅಕ್ಷರ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಹಾಗಾಗಿ ಕನ್ನಡ ಓದುವಾಗ ಗಾತ್ರ ಒಂದು ಮೆಟ್ಟಿಲು ಹೆಚ್ಚಿರಲಿ. ಸಾಲಿನ ನಡುವಿನ ಜಾಗವನ್ನೂ ಹಿಗ್ಗಿಸಿ. ಎಳೆ ತೆಳ್ಳಗಿರುವ ಅಲಂಕಾರದ ಫಾಂಟ್ ಬೇಡವೇ ಬೇಡ.

ಆರ್‌ಪಿ ಇದ್ದವರ ಮನೆಯವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಕಣ್ಣು ಇನ್ನೂ ಕಾಣುತ್ತಿರುವಾಗಲೇ ಸ್ಕ್ರೀನ್ ರೀಡರ್ ಕಲಿಸಿ. ಈಗಲೇ ಯಾಕೆ, ಕಾಣುತ್ತದಲ್ಲ ಅಂತ ಮುಂದೂಡಿದರೆ, ನೋಟ ಹೋದ ದುಃಖದಲ್ಲೇ ಹೊಸ ವಿದ್ಯೆಯನ್ನೂ ಕಲಿಯಬೇಕಾಗುತ್ತದೆ. ಅದು ಬಹಳ ಕಷ್ಟ.

ಎನ್‌ವಿಡಿಎ ಮತ್ತು ಜಾಸ್

ವಿಂಡೋಸ್ ಕಂಪ್ಯೂಟರಿನಲ್ಲಿ ನಿಜವಾದ ಸ್ಪರ್ಧೆ ಇವೆರಡರ ನಡುವೆ.

ಜಾಸ್ ಹಳೆಯದು, 1989ರಲ್ಲಿ ಡಾಸ್ ಕಾಲದಲ್ಲಿ ಬಂದದ್ದು. ಅಮೆರಿಕದ ಟೆಡ್ ಹೆಂಟರ್ ಮೋಟರ್‌ಸೈಕಲ್ ರೇಸ್ ಓಡಿಸುತ್ತಿದ್ದವರು. 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಹೋಯಿತು. ಆಮೇಲೆ ಪ್ರೋಗ್ರಾಮಿಂಗ್ ಕಲಿತು ಇದನ್ನು ಕಟ್ಟಿದರು. ಎನ್‌ವಿಡಿಎ ಶುರುವಾದದ್ದು 2006ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅದನ್ನು ಬೆಳೆಸಿದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರೂ ಕಣ್ಣು ಕಾಣದವರು. ಕಂಪ್ಯೂಟರ್ ಕೊಂಡವರು ಪರದೆ ನೋಡಲು ಬೇರೆ ದುಡ್ಡು ಕೊಡುವುದಿಲ್ಲ, ಹಾಗಿದ್ದಮೇಲೆ ಕೇಳಲು ಯಾಕೆ ಕೊಡಬೇಕು? ಎನ್‌ವಿಡಿಎ ಇಂದಿಗೂ ಪುಕ್ಕಟೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ.

ಜಾಸ್‌ಗೆ ಲೈಸೆನ್ಸ್ ಕೊಳ್ಳಬೇಕು. ಕೊಳ್ಳದೆಯೂ ಹಾಕಿಕೊಳ್ಳಬಹುದು, ಆದರೆ 40 ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ರುಚಿ ನೋಡಲು ಅಷ್ಟು ಸಾಕು, ದಿನದ ಕೆಲಸಕ್ಕೆ ಆಗದು. ಕ್ರ್ಯಾಕ್ ಮಾಡಿದ ಪ್ರತಿ ಎಲ್ಲೋ ಸಿಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ಬ್ಯಾಂಕ್ ಪಾಸ್‌ವರ್ಡನ್ನೂ ಓದುವ ತಂತ್ರಾಂಶ ಅದು. ಯಾರೋ ತಿದ್ದಿದ ಪ್ರತಿಯ ಕೈಗೆ ಅದನ್ನೆಲ್ಲ ಕೊಡಬಹುದೇ?

ಹಾಗಾದರೆ ಜಾಸ್ ಯಾರಿಗೆ? ಕಚೇರಿ ಕೆಲಸಕ್ಕೆ ಸೇರುವವರಿಗೆ. ಒಂದೊಂದು ತಂತ್ರಾಂಶಕ್ಕೂ ಬೇಕಾದ ಹಾಗೆ ಜಾಸ್‌ಗೆ ಸ್ಕ್ರಿಪ್ಟ್ ಬರೆದು ಹೊಂದಿಸಬಹುದು. ಬ್ಯಾಂಕಿನಲ್ಲೋ ಕಂಪನಿಯಲ್ಲೋ ಅವರದ್ದೇ ತಂತ್ರಾಂಶ ಇರುತ್ತದೆ, ಅದರ ಬಟನ್‌ಗಳಿಗೆ ಹೆಸರೇ ಇರುವುದಿಲ್ಲ. ಅಂಥಲ್ಲಿ ಈ ಸ್ಕ್ರಿಪ್ಟ್ ನೌಕರಿಯನ್ನೇ ಉಳಿಸಬಹುದು. ಎನ್‌ವಿಡಿಎಗೂ ಆಡ್-ಆನ್‌ಗಳು, ಅಂದರೆ ಆಮೇಲೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳು ಇವೆ, ಆದರೆ ಈ ಕೆಲಸದಲ್ಲಿ ಜಾಸ್ ಕೈ ಪಳಗಿದ್ದು. ದೊಡ್ಡ ಎಕ್ಸೆಲ್ ಹಾಳೆಗಳಲ್ಲಿ ಓಡಾಡಲೂ ಜಾಸ್ ಮೇಲು ಅನ್ನುವವರಿದ್ದಾರೆ. ಆದರೆ ಆ ಖರ್ಚು ಕಚೇರಿಯದ್ದು. ನೌಕರಿ ಸಿಕ್ಕಮೇಲೆ ಅವರಿಂದ ಕೇಳಿ ಪಡೆಯಿರಿ. ಪಿಯುಸಿ ಓದುವ ಹುಡುಗನಿಗೆ ಅಪ್ಪ ಸಾಲ ಮಾಡಿ ಕೊಡಿಸುವಂಥದ್ದಲ್ಲ.

ಉಳಿದ ಎಲ್ಲರಿಗೂ ನನ್ನ ಸಲಹೆ ಎನ್‌ವಿಡಿಎ. ಕಾರಣ ಬೆಲೆ ಒಂದೇ ಅಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಕಾಲೇಜಿನ ಲ್ಯಾಬಿನಲ್ಲಿ, ಸೈಬರ್ ಅಂಗಡಿಯಲ್ಲಿ, ಯಾವ ಕಂಪ್ಯೂಟರಿನಲ್ಲೂ ಇನ್‌ಸ್ಟಾಲ್ ಮಾಡದೆ ಓಡುತ್ತದೆ. ಇಂಟರ್ನೆಟ್ ಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಇನ್ನೊಂದು ದೊಡ್ಡ ಅನುಕೂಲ 2025ರ ಮೊದಲ ಆವೃತ್ತಿಯಿಂದ ಬಂದಿದೆ. ಎರಡು ಕಂಪ್ಯೂಟರ್‌ಗಳಲ್ಲಿ ಎನ್‌ವಿಡಿಎ ಇದ್ದರೆ, ಒಂದರಿಂದ ಇನ್ನೊಂದನ್ನು ದೂರದಿಂದಲೇ ನಡೆಸಬಹುದು. ಮೊದಲು ಇದಕ್ಕೆ ಬೇರೆ ಆಡ್-ಆನ್ ಬೇಕಿತ್ತು. ಭಟ್ಕಳದ ವಿದ್ಯಾರ್ಥಿ ಸಿಕ್ಕಿಹಾಕಿಕೊಂಡರೆ, ಕಲಿಸುವವರು ಶಿರಸಿಯಲ್ಲಿ ಕೂತೇ ಆ ಕಂಪ್ಯೂಟರಿನ ದನಿ ಕೇಳಿ ಸರಿ ಮಾಡಬಹುದು. ದೇವಿಮನೆ ಘಟ್ಟ ಇಳಿದು ಹೋಗುವ ಕೆಲಸ ಉಳಿಯುತ್ತದೆ.

ಕಲಿಯುವುದು ಹೇಗಿರುತ್ತದೆ ಅಂತ ಒಂದಿಷ್ಟು ಹತ್ತಿರದಿಂದ ಹೇಳುತ್ತೇನೆ. ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಶುರು. ಇನ್ಸರ್ಟ್ ಕೀ ಅದರ ಹಿಡಿ. ಇನ್ಸರ್ಟ್ ಜೊತೆ 1 ಒತ್ತಿದರೆ ಕಲಿಕೆಯ ಸ್ಥಿತಿಗೆ ಹೋಗುತ್ತದೆ, ಆಗ ಯಾವ ಕೀ ಒತ್ತಿದರೂ ಅದರ ಹೆಸರು, ಕೆಲಸ ಹೇಳುತ್ತದೆ ಅಷ್ಟೇ, ಏನೂ ಕೆಡುವುದಿಲ್ಲ. ಮೊದಲ ಪಾಠಗಳೆಲ್ಲ ಇಲ್ಲೇ ಆಗಲಿ. ಮಕ್ಕಳು ಹೆದರಿಕೆ ಬಿಟ್ಟು ಕೀಬೋರ್ಡ್ ಪೂರ್ತಿ ತಡವಿ ನೋಡುತ್ತಾರೆ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಒಂದು ತಲೆಬರಹದಿಂದ ಮುಂದಿನದಕ್ಕೆ ಜಿಗಿಯುತ್ತದೆ, ಕೆ ಒತ್ತಿದರೆ ಲಿಂಕ್‌ಗೆ, ಟಿ ಒತ್ತಿದರೆ ಟೇಬಲ್‌ಗೆ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಕಣ್ಣಿದ್ದವರು ಪುಟದ ಮೇಲೆ ಸುಮ್ನೆ ಕಣ್ಣಾಡಿಸುತ್ತಾರಲ್ಲ, ಇವರು ಅದನ್ನು ಬೆರಳಲ್ಲಿ ಮಾಡುತ್ತಾರೆ.

ವಿಂಡೋಸ್‌ನಲ್ಲೇ ಬರುವ ನರೇಟರ್ ಬಗ್ಗೆ ಎರಡೇ ಮಾತು. ಕಂಟ್ರೋಲ್, ವಿಂಡೋಸ್, ಎಂಟರ್ ಒತ್ತಿದರೆ ಅದು ಮಾತಾಡತೊಡಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ಯಾರ ಸಹಾಯವೂ ಇಲ್ಲದೆ ಎನ್‌ವಿಡಿಎ ಇಳಿಸಿಕೊಳ್ಳುವವರೆಗೆ ಅದು ಬಹಳ ಉಪಕಾರಿ. ಲಿನಕ್ಸ್ ಬಳಸುವವರಿಗೆ ಓರ್ಕಾ ಇದೆ, ಅದೂ ಪುಕ್ಕಟೆ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ 2005ರಿಂದಲೂ ಇದೆ, ಆದರೆ ಆ ಬೆಲೆಯ ಕಂಪ್ಯೂಟರನ್ನು ಇದಕ್ಕೋಸ್ಕರ ಕೊಳ್ಳಿ ಅಂತ ನಾನು ಹೇಳುವುದಿಲ್ಲ.

ದನಿಯ ಆಯ್ಕೆ

ಸ್ಕ್ರೀನ್ ರೀಡರ್ ಬೇರೆ, ಅದು ಬಳಸುವ ದನಿ ಬೇರೆ. ಈ ವ್ಯತ್ಯಾಸ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಎನ್‌ವಿಡಿಎ ಜೊತೆ ಇ-ಸ್ಪೀಕ್ ಎಂಬ ದನಿ ಬರುತ್ತದೆ. ಅದರಲ್ಲಿ ಕನ್ನಡವಿದೆ. ಮೊದಲು ಕೇಳಿದವರೆಲ್ಲ ಮುಖ ಸಿಂಡರಿಸುತ್ತಾರೆ. ಯಂತ್ರದ ದನಿ, ಭಾವ ಇಲ್ಲ, ಮೂಗಿನಲ್ಲಿ ಮಾತಾಡಿದ ಹಾಗಿದೆ ಅನ್ನುತ್ತಾರೆ. ಮನುಷ್ಯರ ಹಾಗೆ ಮಾತಾಡುವ ದನಿಗಳು ಫೋನಿನಲ್ಲಿ ಕೇಳಿ ಅಭ್ಯಾಸವಾಗಿದೆ, ಹಾಗಾಗಿ ಅದೇ ಬೇಕು ಅನ್ನಿಸುವುದು ಸಹಜ. ಕಥೆ, ಲೇಖನ ಕೇಳಲು ಅದು ಚೆಂದವೇ. ಕೆಲಸಕ್ಕೆ ಬಂದಾಗ ಲೆಕ್ಕ ಬೇರೆ. ಇ-ಸ್ಪೀಕ್ ಕೀ ಒತ್ತಿದ ತಕ್ಷಣ ಮಾತಾಡುತ್ತದೆ, ತಡವರಿಸುವುದಿಲ್ಲ. ಎಷ್ಟು ವೇಗ ಹೆಚ್ಚಿಸಿದರೂ ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಪಳಗಿದವರು ಕೇಳುವ ವೇಗದಲ್ಲಿ ಪಕ್ಕದಲ್ಲಿ ಕೂತ ನಮಗೆ ಒಂದು ಪದವೂ ಸಿಕ್ಕುವುದಿಲ್ಲ. ಮನುಷ್ಯರಂಥ ದನಿಯನ್ನು ಅಷ್ಟು ಓಡಿಸಿದರೆ ಅದು ಗೊಣಗಾಟವಾಗುತ್ತದೆ. ಹಾಗಾಗಿ ನಿಧಾನವಾಗಿ ಶುರುಮಾಡಿ, ಕಿವಿ ಒಗ್ಗಿದ ಹಾಗೆ ಸ್ವಲ್ಪ ಸ್ವಲ್ಪ ವೇಗ ಏರಿಸಿ. ದನಿ ಇಷ್ಟವಾಗಲಿಲ್ಲ ಅಂತ ಮೊದಲ ದಿನವೇ ಬಿಡಬೇಡಿ.

ಭಾಷೆಯನ್ನು ಕನ್ನಡಕ್ಕೆ ಇಟ್ಟರೆ ನಡುನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಇ-ಸ್ಪೀಕ್ ಓದುತ್ತದೆ. ಕಾರವಾರ, ಅಂಕೋಲಾ ಕಡೆಯವರು ಕೊಂಕಣಿ ಬಗ್ಗೆ ಕೇಳುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿಯನ್ನು ಕನ್ನಡದ ದನಿಯೇ ಓದುತ್ತದೆ, ಉಚ್ಚಾರ ಅಲ್ಲಲ್ಲಿ ಜಾರಿದರೂ ಅರ್ಥ ಆಗುತ್ತದೆ. ದೇವನಾಗರಿಯಲ್ಲಿ ಬರೆದಿದ್ದರೆ ಇ-ಸ್ಪೀಕ್‌ನಲ್ಲಿ ಕೊಂಕಣಿಯನ್ನೇ ಆರಿಸಿಕೊಳ್ಳಬಹುದು.

ನುಡಿ, ಪಿಡಿಎಫ್, ಯೂನಿಕೋಡ್

ಈಗ ಮೊದಲು ಹೇಳಿದ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪಿದರೆ ಲಕ್ಷ ಕೊಟ್ಟು ತಂದ ಸಾಧನವೂ ಕೈಚೆಲ್ಲುತ್ತದೆ.

ಒಬ್ಬ ವಿದ್ಯಾರ್ಥಿನಿಗೆ ವಿದ್ಯಾರ್ಥಿವೇತನದ ಸುತ್ತೋಲೆ ವಾಟ್ಸಾಪ್‌ನಲ್ಲಿ ಬಂತು. ಕನ್ನಡದ್ದೇ ಪಿಡಿಎಫ್. ಕಣ್ಣಿದ್ದವರಿಗೆ ಸ್ವಚ್ಛವಾಗಿ ಕಾಣುತ್ತಿತ್ತು. ಎನ್‌ವಿಡಿಎ ಅದನ್ನು ಓದಿದ್ದು ‘ಪಿ’, ‘ಪೌಂಡ್’, ‘ಕ್ಯು’ ಅಂತ. ತಪ್ಪು ಎನ್‌ವಿಡಿಎಯದ್ದಲ್ಲ. ಆ ಸುತ್ತೋಲೆಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಹಳೆಯ ನುಡಿ, ಅದರಂಥದ್ದೇ ತಂತ್ರಾಂಶವಾದ ‘ಬರಹ’, ಇವುಗಳ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ‘ಕನ್ನಡ’ ಎಂಬ ಮೂರಕ್ಷರದ ಹಿಂದೆ ಇರುವುದು ಪಿ, ಪೌಂಡ್ ಚಿಹ್ನೆ, ಕ್ಯು ಮತ್ತು ಅವಕ್ಕೆ ಅಂಟಿದ ಯುರೋಪಿನ ಅಕ್ಷರಗಳು. ಕಣ್ಣು ಆಕಾರ ನೋಡುತ್ತದೆ, ಸ್ಕ್ರೀನ್ ರೀಡರ್ ಹಿಂದಿರುವ ಸಂಕೇತ ನೋಡುತ್ತದೆ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅದು ಒಂದೊಂದು ಲಿಪಿಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಏರ್ಪಾಡು. ಕನ್ನಡಕ್ಕೆ ಅದರದ್ದೇ ಜಾಗವಿದೆ, ‘ಕ’ ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ‘ಕ’. ಸ್ಕ್ರೀನ್ ರೀಡರ್ ಓದುತ್ತದೆ, ಹುಡುಕಿದರೆ ಸಿಗುತ್ತದೆ, ಬ್ರೈಲ್‌ಗೂ ತಿರುಗುತ್ತದೆ. ಹೊಸ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ. ಟೈಪ್ ಮಾಡುವವರು ಆರಿಸಿಕೊಳ್ಳಬೇಕು ಅಷ್ಟೇ. ಹಳೆಯ ಫೈಲ್‌ಗಳಿಗೆ ಪರಿವರ್ತಕಗಳೂ ಇವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ನೋಡಿಕೊಳ್ಳಿ, ಎಡವುವುದು ಅಲ್ಲೇ ಜಾಸ್ತಿ.

ಪಿಡಿಎಫ್‌ಗಳಲ್ಲಿ ಇನ್ನೊಂದು ಜಾತಿ ಸ್ಕ್ಯಾನ್ ಮಾಡಿದ್ದು. ಅದು ಬರೀ ಫೋಟೋ. ಎನ್‌ವಿಡಿಎ ಏನೂ ಹೇಳದೆ ಸುಮ್ಮನಿದ್ದುಬಿಡುತ್ತದೆ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಕಂಪ್ಯೂಟರಿನಲ್ಲೇ ಮಾಡಬೇಕು ಅನ್ನುವವರಿಗೆ ಟೆಸರ್ಯಾಕ್ಟ್ ಇದೆ, ಅದಕ್ಕೂ ಕನ್ನಡ ಬರುತ್ತದೆ. ಅಚ್ಚು ಸ್ವಚ್ಛವಾಗಿದ್ದರೆ ಫಲ ಚೆನ್ನಾಗಿರುತ್ತದೆ. ಝೆರಾಕ್ಸ್‌ನ ಝೆರಾಕ್ಸ್ ಆದರೆ, ಅಥವಾ ಪಹಣಿಯ ಹಾಗೆ ಪೂರ್ತಿ ಕಾಲಂಗಳೇ ಆದರೆ, ಸಾಲುಗಳು ಕಲಸಿಹೋಗುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿದ ಕನ್ನಡ ಕೂಡ ಪಿಡಿಎಫ್ ಆಗುವಾಗ ಒಮ್ಮೊಮ್ಮೆ ಒಡೆದುಹೋಗುವುದುಂಟು. ಶಾಲೆ, ಸೊಸೈಟಿ, ಪಂಚಾಯತಿಯಲ್ಲಿ ಟೈಪ್ ಮಾಡುವವರಲ್ಲಿ ನನ್ನ ವಿನಂತಿ ಇದು: ಪಿಡಿಎಫ್ ಜೊತೆಗೆ ವರ್ಡ್ ಫೈಲನ್ನೂ ಕಳಿಸಿ. ನಿಮಗೆ ಅರ್ಧ ನಿಮಿಷದ ಕೆಲಸ. ಓದಲು ಮನೆಯವರ ದಾರಿ ಕಾಯುತ್ತಾ ಕೂರುವವರಿಗೆ ಅದು ಅವತ್ತೇ, ತಾವೇ ಓದಿಕೊಳ್ಳುವ ಅವಕಾಶ.

ಹಾಗೆಯೇ ವಾಟ್ಸಾಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ. ಅದನ್ನು ದನಿ ಇಂಗ್ಲಿಷ್ ಅಂತ ತಿಳಿದು ಓದುತ್ತದೆ, ತಲೆಬುಡ ಗೊತ್ತಾಗುವುದಿಲ್ಲ. ಕಣ್ಣು ಕಾಣದ ಗೆಳೆಯರಿಗೆ ಕನ್ನಡ ಲಿಪಿಯಲ್ಲೇ ಬರೆಯಿರಿ, ಇಲ್ಲವೇ ವಾಯ್ಸ್ ಕಳಿಸಿ.

ಟೈಪಿಂಗ್‌ಗೆ ಯಾವ ಕೀಬೋರ್ಡ್ ವಿನ್ಯಾಸ? ಇಂಗ್ಲಿಷ್ ಟೈಪಿಂಗ್ ಮೊದಲೇ ಬರುವವರಿಗೆ ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸ ಬೇಗ ಹತ್ತುತ್ತದೆ. ಹೊಸದಾಗಿ ಶುರುಮಾಡುವ ಮಕ್ಕಳಿಗೆ ಇನ್‌ಸ್ಕ್ರಿಪ್ಟ್ ಆಗಬಹುದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಹಿಂದಿಗೂ ಅದೇ ಜಾಗ, ಕಂಪ್ಯೂಟರಿನಲ್ಲೇ ಇರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ನಡುವೆ ಬದಲಿಸಬೇಡಿ.

ಫೋನ್ ಒಂದೇ ಸಾಕೇ?

ಮನೆಯ ಹಿರಿಯರಿಗೆ, ಇಳಿವಯಸ್ಸಿನಲ್ಲಿ ಕಣ್ಣು ಮಂದವಾದವರಿಗೆ, ಹೌದು, ಸಾಕು. ಫೋನು ಮಾಡಬೇಕು, ವಾಟ್ಸಾಪ್ ಕೇಳಬೇಕು, ರಾತ್ರಿ ತಾಳಮದ್ದಳೆಯ ರೆಕಾರ್ಡಿಂಗ್ ಹುಡುಕಿ ಹಚ್ಚಿಕೊಳ್ಳಬೇಕು. ಇಷ್ಟಕ್ಕೆ ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್ ಧಾರಾಳ. ಬಲಕ್ಕೆ ಸವರಿದರೆ ಮುಂದಿನದನ್ನು ಓದುತ್ತದೆ, ಎಡಕ್ಕೆ ಸವರಿದರೆ ಹಿಂದಿನದನ್ನು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಮೊದಲಿಗೆ ಈ ಎರಡು ಸಲದ ತಟ್ಟು ಕೈಗೆ ಹತ್ತುವುದಿಲ್ಲ. ಅಜ್ಜನ ಕೈ ಹಿಡಿದು ತಟ್ಟಿಸಿ ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು.

ಟಾಕ್‌ಬ್ಯಾಕ್ ಮತ್ತು ಐಫೋನಿನ ವಾಯ್ಸ್‌ಓವರ್ ಎರಡೂ 2009ರಿಂದ ಫೋನ್‌ಗಳಲ್ಲಿವೆ. ಐಫೋನಿನಲ್ಲಿ ಎಲ್ಲವೂ ಒಂದೇ ಹದದಲ್ಲಿ ನಡೆಯುತ್ತದೆ, ಆ್ಯಪ್‌ಗಳ ಬಟನ್‌ಗೆ ಹೆಸರು ತಪ್ಪುವುದು ಕಡಿಮೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿ ಒಂದೊಂದು ತರ ಮೆನು ಮಾಡುತ್ತದೆ, ಹೊಸ ಫೋನ್ ತಂದಾಗ ಮತ್ತೆ ಕಲಿಯಬೇಕು. ಕನ್ನಡದ ದನಿ ಎರಡರಲ್ಲೂ ಇದೆ. ಇಷ್ಟಾದರೂ ಉತ್ತರ ಕನ್ನಡದಲ್ಲಿ ನಾನು ಆಂಡ್ರಾಯ್ಡನ್ನೇ ಹೇಳುತ್ತೇನೆ. ಬೆಲೆ ಒಂದು ಕಾರಣ. ಪಕ್ಕದ ಮನೆಯ ಹುಡುಗನಿಗೂ ಅದು ಗೊತ್ತಿರುತ್ತದೆ, ಕೆಟ್ಟರೆ ಹೊನ್ನಾವರದಲ್ಲೇ ರಿಪೇರಿಯಾಗುತ್ತದೆ ಅನ್ನುವುದು ಇನ್ನೊಂದು. ಕನ್ನಡ ದನಿಯ ಡೇಟಾವನ್ನು ಸೆಟ್ಟಿಂಗ್ಸ್‌ಗೆ ಹೋಗಿ ಮೊದಲೇ ಇಳಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ನೆಟ್ ಇಲ್ಲದ ಹೊತ್ತಿನಲ್ಲಿ ತೊಂದರೆ.

ಜೊತೆಗೆ ಇರಬೇಕಾದ ಆ್ಯಪ್‌ಗಳು ಕೆಲವು. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮನಿ ಆ್ಯಪ್ ನೆಟ್ ಇಲ್ಲದೆಯೂ ಓಡುತ್ತದೆ. ಸಂತೆಗೆ ಹೋಗುವವರಿಗೆ ಇದು ಬೇಕೇ ಬೇಕು. ಡಬ್ಬದ ಮೇಲಿನ ಬರಹ, ಎದುರಿಗಿರುವ ವಸ್ತು ತಿಳಿಯಲು ಗೂಗಲ್‌ನ ಲುಕ್‌ಔಟ್ ಮತ್ತು ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಇವೆ. ಡೆನ್ಮಾರ್ಕ್‌ನಲ್ಲಿ 2015ರಲ್ಲಿ ಶುರುವಾದ ಬಿ ಮೈ ಐಸ್‌ನಲ್ಲಿ ವಿಡಿಯೊ ಕಾಲ್ ಮೂಲಕ ಸ್ವಯಂಸೇವಕರು ನೋಡಿ ಹೇಳುತ್ತಾರೆ. ಔಷಧಿಯ ಹೆಸರಿನ ವಿಷಯದಲ್ಲಿ ಮಾತ್ರ ಯಂತ್ರವನ್ನು ನಂಬಬೇಡಿ, ಮನುಷ್ಯರನ್ನು ಕೇಳಿ.

ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಗೂಗಲ್ ಕೀಬೋರ್ಡ್‌ನಲ್ಲಿದೆ. ಚಿಕ್ಕ ಸಂದೇಶಕ್ಕೆ ಸರಿ. ಹವ್ಯಕರ ಮನೆಮಾತಿನಲ್ಲೋ ಹಾಲಕ್ಕಿಯವರ ಮಾತಿನಲ್ಲೋ ಹೇಳಿದರೆ ಏನೇನೋ ಬರೆಯುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದರೆ ಅದೂ ಇಲ್ಲ.

ಓದುವ ಮಕ್ಕಳಿಗೆ ಫೋನ್ ಸಾಲದು. ನಾಲ್ಕು ಪುಟ ಬರೆಯುವುದು, ತಿದ್ದುವುದು, ಟೇಬಲ್ ಓದುವುದು ಫೋನಿನಲ್ಲಿ ಹಿಂಸೆ. ಪಿಯುಸಿಗೆ ಬರುವ ಮೊದಲೇ ಕೀಬೋರ್ಡ್ ಮೇಲೆ ಕೈ ಕೂರಬೇಕು.

ಬ್ರೈಲ್ ಬೇಕೇ?

ಎಲ್ಲ ಮಾತಾಡುತ್ತದಲ್ಲ, ಇನ್ನು ಬ್ರೈಲ್ ಯಾಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಮಗುವಿಗೆ ಕಾಗುಣಿತ ತಿಳಿಯುವುದು ಬೆರಳಿನಿಂದ. ಬರೀ ಕೇಳಿ ಬೆಳೆದವರಿಗೆ ‘ಶ’, ‘ಷ’ ಎಲ್ಲಿ, ಹ್ರಸ್ವ ದೀರ್ಘ ಎಲ್ಲಿ ಅಂತ ಗಟ್ಟಿಯಾಗುವುದಿಲ್ಲ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಿಂದ ಇದೆ, ಕನ್ನಡಕ್ಕೂ ಅದೇ. ಗಣಿತಕ್ಕಂತೂ ಬ್ರೈಲ್‌ಗೆ ಬದಲಿ ಇಲ್ಲ.

ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಡಿಸ್‌ಪ್ಲೇ ಬೇರೆ ಮಾತು. ಚಿಕ್ಕ ಚಿಕ್ಕ ಮೊಳೆಗಳು ಎದ್ದು ಇಳಿದು ಒಂದು ಸಾಲು ಅಕ್ಷರ ಮೂಡಿಸುತ್ತವೆ. ಆರ್ಬಿಟ್ ರೀಡರ್ 20ರಲ್ಲಿ ಒಮ್ಮೆಗೆ 20 ಬ್ರೈಲ್ ಅಕ್ಷರ ಸಿಗುತ್ತದೆ. ಎನ್‌ವಿಡಿಎ ಇದಕ್ಕೂ ಹೊಂದುತ್ತದೆ. ಆದರೆ ಬೆಲೆ ಹತ್ತಾರು ಸಾವಿರ, ಧೂಳು ತೇವ ಎರಡೂ ಆಗಿಬರುವುದಿಲ್ಲ. ಕರಾವಳಿಯ ಉಪ್ಪು ಗಾಳಿಯಲ್ಲಿ ಇಟ್ಟುಕೊಳ್ಳುವವರು ಒಣಗಿದ ಡಬ್ಬದಲ್ಲಿ ಮುಚ್ಚಿಡಬೇಕು. ಕಿವಿಯೂ ಸರಿಯಾಗಿ ಕೇಳದವರಿಗೆ ಇದು ಅಗತ್ಯ, ಅಲ್ಲಿ ಖರ್ಚು ನೋಡಬಾರದು. ಉಳಿದವರು ಶಾಲೆಯಲ್ಲಿ ಸ್ಲೇಟು, ಕಡ್ಡಿ ಹಿಡಿದು ಕಲಿಯಲಿ.

ಆ್ಯಪ್, ವೆಬ್‌ಸೈಟ್ ಆರಿಸುವುದು

ಬ್ಯಾಂಕ್ ಖಾತೆ ತೆರೆಯುವ ಮೊದಲು ಬಡ್ಡಿ ವಿಚಾರಿಸುತ್ತೇವೆ. ಕಣ್ಣು ಕಾಣದವರು ಆ ಬ್ಯಾಂಕಿನ ಆ್ಯಪ್ ಕೂಡ ವಿಚಾರಿಸಬೇಕು. ಟಾಕ್‌ಬ್ಯಾಕ್ ಹಾಕಿ ಒಂದು ಸಲ ಸವರುತ್ತಾ ಹೋಗಿ. ಪ್ರತಿ ಬಟನ್‌ಗೂ ಹೆಸರು ಹೇಳುತ್ತದೆಯೇ, ಬರೀ ‘ಬಟನ್, ಬಟನ್’ ಅನ್ನುತ್ತದೆಯೇ? ಒಟಿಪಿ ಹಾಕುವಷ್ಟರಲ್ಲಿ ಸಮಯ ಮುಗಿಯುತ್ತದೆಯೇ? ಕ್ಯಾಪ್ಚಾಗೆ ದನಿಯ ಬದಲಿ ಇದೆಯೇ? ತಪ್ಪು ತುಂಬಿದಾಗ ಎಲ್ಲಿ ತಪ್ಪು ಅಂತ ಮಾತಿನಲ್ಲಿ ಹೇಳುತ್ತದೆಯೇ, ಬರೀ ಕೆಂಪು ಗೆರೆ ಎಳೆಯುತ್ತದೆಯೇ? ಇಷ್ಟು ನೋಡಿದರೆ ಗೊತ್ತಾಗುತ್ತದೆ.

ವೆಬ್‌ಸೈಟ್ ಕಟ್ಟುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಹೋಂ ಸ್ಟೇಗೆ, ಸಂಘಕ್ಕೆ, ದೇವಸ್ಥಾನಕ್ಕೆ ಪುಟ ಮಾಡಿಕೊಡುತ್ತಾರೆ. ಅವರು ಎನ್‌ವಿಡಿಎ ಹಾಕಿ, ಅದರಲ್ಲೇ ಇರುವ ಸ್ಕ್ರೀನ್ ಕರ್ಟನ್ ಎಳೆದು ಪರದೆ ಕಪ್ಪು ಮಾಡಿ, ತಾವು ಕಟ್ಟಿದ ಪುಟದಲ್ಲಿ ಒಮ್ಮೆ ಓಡಾಡಲಿ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು ಅಂತ ಜಗತ್ತು ಒಪ್ಪಿದ ನಿಯಮವಿದೆ. ಹಸಿರಿನ ಮೇಲೆ ತಿಳಿ ಹಸಿರು ಚೆಂದ ಕಾಣಬಹುದು, ಮಂದದೃಷ್ಟಿಯವರಿಗೆ ಅಲ್ಲಿ ಏನೂ ಇಲ್ಲ. ತಲೆಬರಹವನ್ನು ಬರೀ ದಪ್ಪ ಅಕ್ಷರ ಮಾಡದೆ ನಿಜವಾದ ತಲೆಬರಹವಾಗಿ ಗುರುತಿಸಿ, ಇಲ್ಲದಿದ್ದರೆ ಎಚ್ ಕೀ ಒತ್ತಿದರೂ ಜಿಗಿಯಲು ಏನೂ ಸಿಗುವುದಿಲ್ಲ. ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ಬರೆಯಿರಿ, ಆಗ ದನಿ ತಾನೇ ಬದಲಾಗುತ್ತದೆ.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿ ಮಾಡುವಾಗ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ ಅನ್ನುತ್ತಾರಲ್ಲ, ಅದಕ್ಕೆ ಬದಲಿ ದಾರಿ ಇರಬೇಕು ಅಂತಲೂ ಸೂಚಿಸಿತು. ಯಾರಾದರೂ ಆಗಲ್ಲ ಅಂದರೆ ಈ ತೀರ್ಪನ್ನು ಹೇಳಿ.

ದುಡ್ಡು ಎಲ್ಲಿಗೆ ಹಾಕಬೇಕು

ಸ್ಕ್ರೀನ್ ರೀಡರ್‌ಗೆ ಉಳಿದ ಹಣವನ್ನು ಲ್ಯಾಪ್‌ಟಾಪ್‌ಗೆ ಹಾಕಿ. ಎಸ್‌ಎಸ್‌ಡಿ ಇರಲಿ, 8 ಜಿಬಿ ರ‍್ಯಾಮ್ ಇರಲಿ. ನಿಧಾನದ ಹಳೆ ಡಿಸ್ಕ್ ಇದ್ದರೆ ಮಾತು ತಡೆದು ತಡೆದು ಬರುತ್ತದೆ. ಕಣ್ಣಿದ್ದವರಿಗೆ ತಿರುಗುವ ಚಕ್ರ ಕಾಣುತ್ತದೆ, ಇವರಿಗೆ ಕೇಳುವುದು ಮೌನ. ಕಂಪ್ಯೂಟರ್ ಕೆಟ್ಟಿತೋ, ತಾನು ತಪ್ಪು ಒತ್ತಿದೆನೋ ಗೊತ್ತಾಗುವುದಿಲ್ಲ. ಪರದೆ ಎಷ್ಟು ದೊಡ್ಡದು ಅನ್ನುವುದು ಪೂರ್ತಿ ಕಾಣದವರಿಗೆ ಲೆಕ್ಕಕ್ಕಿಲ್ಲ, ಬ್ಯಾಟರಿ ಲೆಕ್ಕಕ್ಕಿದೆ. ಡೆಸ್ಕ್‌ಟಾಪ್ ಕೊಂಡರೆ ಯುಪಿಎಸ್ ಬಿಡಬೇಡಿ.

ಬೇರೆಯಾಗಿ ಒಂದು ಪೂರ್ತಿ ಗಾತ್ರದ ಕೀಬೋರ್ಡ್ ಕೊಳ್ಳಿ. ಎಫ್ ಮತ್ತು ಜೆ ಮೇಲಿನ ಉಬ್ಬು ಬೆರಳಿಗೆ ಸ್ಪಷ್ಟವಾಗಿ ಸಿಗಬೇಕು, ಅಂಗಡಿಯಲ್ಲೇ ತಡವಿ ನೋಡಿ. ಇಯರ್‌ಫೋನ್ ಒಂದು ಕಿವಿಗೆ ಸಾಕು, ಇನ್ನೊಂದು ಕಿವಿ ಸುತ್ತಲಿನ ಶಬ್ದಕ್ಕೆ ಬೇಕು. ರಸ್ತೆಯಲ್ಲಂತೂ ಎರಡನ್ನೂ ಮುಚ್ಚಲೇಬಾರದು.

ಸರ್ಕಾರದ ನೆರವಿಗೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮೊದಲು ಮಾಡಿಸಿ. ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿ ಕಾರವಾರದಲ್ಲಿದೆ. ಅಲ್ಲಿಯವರೆಗೆ ಓಡಾಡುವ ಮುನ್ನ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ, ಅರ್ಜಿಯ ಕೆಲಸ ಅವರದ್ದೇ. ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆ ಈ ವರ್ಷ ಹೇಗಿದೆ ಅಂತ ಕೇಳಿ. ಲ್ಯಾಪ್‌ಟಾಪ್ ಸಿಕ್ಕರೆ, ಅದರಲ್ಲಿ ಯಾವ ಸ್ಕ್ರೀನ್ ರೀಡರ್ ಹಾಕಿಕೊಟ್ಟಿದ್ದರೂ ಇರಲಿ, ಎನ್‌ವಿಡಿಎಯನ್ನೂ ಜೊತೆಗೆ ಹಾಕಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಮಾತ್ರ ಓಡಿಸಬೇಡಿ. ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡಿ, ಎರಡೂ ಕೇಳದ ಹಾಗಾಗುತ್ತದೆ.